ಮನೆವಾರ್ತೆಯ ಕನ್ನಡ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯೆಂದರೆ ಶಾಸನ, ಸಾಮ್ರಾಜ್ಯ, ಕವಿ, ಕಾವ್ಯ ಇವುಗಳಿಗೆ ಮೀಸಲಾದ ಜಾಗ. ಅವನ್ನು ಬಲ್ಲವರು ನಮಗಿಂತ ಮೊದಲೇ ಮಾತನಾಡಿದ್ದಾರೆ. ಬ್ಯಾಂಕಿನ ಗುಮಾಸ್ತರಾದ ನಮಗೆ ಕಾರ್ಯದರ್ಶಿಗಳು ಕೊಟ್ಟಿರುವ ವಿಷಯ 'ಮನೆವಾರ್ತೆ'. ಪಂಡಿತರಿಗೆ ಪಂಪ, ಗುಮಾಸ್ತರಿಗೆ ಗೀಸರು ಎಂದು ಅವರು ಹಂಚಿಕೆ ಮಾಡಿರಬೇಕು. ಹಂಚಿಕೆ ನ್ಯಾಯವಾಗಿಯೇ ಇದೆ. ಲೆಕ್ಕ ಬರೆಯುವವರು ಮನೆಯ ಲೆಕ್ಕ ಹೇಳುವುದರಲ್ಲಿ ತಪ್ಪೇನೂ ಇಲ್ಲ.

ಬಿ.ಕಾಂ. ತರಗತಿಯಲ್ಲಿ ನಾವು ಕಲಿತ ಮಾತುಗಳಲ್ಲಿ 'ಸವಕಳಿ' ಎಂಬುದೊಂದು. ಕೊಂಡ ವಸ್ತುವಿನ ಬೆಲೆ ವರ್ಷ ವರ್ಷವೂ ಇಷ್ಟಿಷ್ಟು ಇಳಿಯುತ್ತದೆಂದು ಲೆಕ್ಕದಲ್ಲಿ ತೋರಿಸುವ ಕ್ರಮ ಅದು. ಮಿಕ್ಸಿ, ಗೀಸರು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಇವೆಲ್ಲ ಸವಕಳಿಯ ಬಾಬು. ತಂದ ದಿನವೇ ಇಳಿಯತೊಡಗುತ್ತವೆ. ತಾರಸಿಯ ಮೇಲಿನ ಕುಂಡಗಳ ಲೆಕ್ಕ ಮಾತ್ರ ಬೇರೆ. ಅಂಗೈಯಗಲದ ಕರಿಬೇವಿನ ಸಸಿಯೊಂದನ್ನು ನೆಟ್ಟರೆ ಮೂರನೆಯ ವರ್ಷಕ್ಕೆ ಮನೆಯ ಒಗ್ಗರಣೆಗೆಲ್ಲ ಸಾಕಾಗಿ, ನೆರೆಮನೆಗೂ ಒಂದು ಹಿಡಿ ಉಳಿಯುತ್ತದೆ. ನಮ್ಮ ಬ್ಯಾಂಕಿನ ಯಾವ ಠೇವಣಿಯೂ ಅಷ್ಟು ಬಡ್ಡಿ ಕೊಡದು. ಇದನ್ನು ನಾವು ಹೇಳಿದೆವೆಂದು ದಯವಿಟ್ಟು ನಮ್ಮ ಮೇನೇಜರವರಿಗೆ ತಿಳಿಸಬೇಡಿ.

ಈ ಎರಡು ಬಾಬುಗಳನ್ನು ಎದುರಿಗಿಟ್ಟುಕೊಂಡಾಗ ನಮಗೊಂದು ಪ್ರಶ್ನೆ ಹುಟ್ಟಿತು. ಪರಸ್ಥಳದಲ್ಲಿರುವ ನಮ್ಮ ಮನೆಗಳಲ್ಲಿ ಕನ್ನಡ ಯಾವ ಬಾಬಿಗೆ ಸೇರಿದೆ? ಮಿಕ್ಸಿಯಂತೆ ವರ್ಷಕ್ಕಿಷ್ಟು ಸವೆಯುತ್ತಿದೆಯೋ, ಕರಿಬೇವಿನಂತೆ ಚಿಗುರುತ್ತಿದೆಯೋ? ಈ ಪ್ರಶ್ನೆಗೆ ಉತ್ತರ ಮನೆಯ ಕೆಲಸಗಳಲ್ಲೇ ಸಿಕ್ಕೀತೆಂದು ನಮ್ಮ ನಂಬಿಕೆ. ಆದ್ದರಿಂದ ಮೊದಲು ಕೆಲಸದ ಮಾತನ್ನೇ ಆಡೋಣ.

ಹೈದರಾಬಾದಿಗೆ ಬಂದ ಸಂಸಾರವನ್ನು ಮೊದಲು ಪರೀಕ್ಷಿಸುವುದು ಇಲ್ಲಿನ ನೀರು. ಈ ನಗರ ಕುಳಿತಿರುವುದು ಗ್ರಾನೈಟ್ ಬಂಡೆಯ ಮೇಲೆ. ಬಂಡೆಯ ಬಿರುಕುಗಳಲ್ಲಿ ನಿಂತ ಬೋರಿನ ನೀರಿನಲ್ಲಿ ಸುಣ್ಣದ ಅಂಶವೂ ಮೆಗ್ನೀಸಿಯಮ್ಮೂ ಅನೇಕ ಬಡಾವಣೆಗಳಲ್ಲಿ ಹೆಚ್ಚು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ನೀರೇ ಸಿಗದ ಕಡೆ 600ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ ಸಂಸ್ಥೆಯ ನಿಯಮ. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಸುಣ್ಣ ಬೇರ್ಪಟ್ಟು ಬಿಳಿಯ ಹೆಕ್ಕಳವಾಗಿ ಕೂಡುತ್ತದೆ. ಗೀಸರಿನ ಒಳಗಿರುವ ಕಾಯುವ ಕೊಳವೆಗೆ ಈ ಹೆಕ್ಕಳ ಕಂಬಳಿ ಹೊದಿಸಿದಂತೆ. ಶಾಖ ನೀರಿಗೆ ಹೋಗದೆ ಒಳಗೇ ನಿಲ್ಲುತ್ತದೆ. ಮೊದಲು ನೀರು ಕಾಯುವುದು ತಡವಾಗುತ್ತದೆ, ಆಮೇಲೆ ವಿದ್ಯುತ್ತಿನ ಬಿಲ್ಲು ಏರುತ್ತದೆ, ಕೊನೆಗೊಂದು ಚಳಿಗಾಲದ ಬೆಳಿಗ್ಗೆ ಕೊಳವೆಯೇ ಸುಟ್ಟುಹೋಗುತ್ತದೆ. ಆಗ ಮನೆಯವರೆಲ್ಲ ಗೀಸರು ಮಾಡಿದ ಕಂಪೆನಿಯನ್ನು ಬಯ್ಯುತ್ತಾರೆ. ತಪ್ಪು ಅನೇಕ ಸಲ ನೀರಿನದು.

ಇದಕ್ಕೆ ಪರಿಹಾರ ಕಷ್ಟವಲ್ಲ. ಶಾಖದ ಗುಂಡಿಯನ್ನು 50ರಿಂದ 60 ಡಿಗ್ರಿಯ ನಡುವೆ ಇಡಬೇಕು, ಏಕೆಂದರೆ ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕೂಡುತ್ತದೆ. ವರ್ಷಕ್ಕೊಮ್ಮೆ, ಬೋರಿನ ನೀರೇ ಬಳಸುವವರು ಇನ್ನೂ ಬೇಗ, ಬಲ್ಲವರಿಂದ ಬಿಚ್ಚಿಸಿ ಹೆಕ್ಕಳ ತೆಗೆಸಬೇಕು. ಗೀಸರಿನೊಳಗೆ ಮೆಗ್ನೀಸಿಯಮ್ಮಿನ ಕಡ್ಡಿಯೊಂದಿರುತ್ತದೆ. ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನು ಕರಗಿಹೋಗುವ ಪುಣ್ಯಾತ್ಮ ಅದು. ಅದೂ ಉಳಿದಿದೆಯೇ ಎಂದು ಆಗಲೇ ನೋಡಿಸಬೇಕು. ನೀರು ಕಾಯಿಸುವ ಸಣ್ಣ ಪಾತ್ರೆಗಳಿಗಾದರೆ ನಿಂಬೆಯ ರಸ ಬೆರೆಸಿದ ನೀರು ಹಾಕಿ ಕುದಿಸಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಸಾಕು. ಸುಣ್ಣಕ್ಕೆ ಹುಳಿಯೇ ಶತ್ರು. ಊರಿನ ಬಚ್ಚಲ ಹಂಡೆಯನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಆ ಹಂಡೆಯ ಒಳಗೂ ಇದೇ ಹೆಕ್ಕಳವಿರುತ್ತಿತ್ತು.

ಬೋರಿನ ನೀರನ್ನು ಇಷ್ಟು ಹಳಿದಮೇಲೆ ನಲ್ಲಿಯ ನೀರಿನ ಗುಣವನ್ನೂ ಹೇಳಬೇಕು. 1908ನೆಯ ಇಸವಿ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರದಲ್ಲಿ ಸಾವಿರಾರು ಜನ ಮಡಿದರು. ಮುಂದೆ ಹೀಗಾಗದಂತೆ ಉಪಾಯ ಸೂಚಿಸಲು ನಿಜಾಮ ಸರ್ಕಾರ 1909ರಲ್ಲಿ ಕರೆಸಿದ್ದು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ಅವರು ಮೈಸೂರಿನ ಮುಖ್ಯ ಎಂಜಿನಿಯರಾದದ್ದು ಇದಾದ ಮೇಲೆ. ನಗರಕ್ಕಿಂತ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ನೆರೆಯನ್ನು ಅಲ್ಲಿಯೇ ತಡೆಯಬೇಕೆಂಬುದು ಅವರ ಸಲಹೆ. ಮೂಸಿಗೆ ಅಡ್ಡಲಾಗಿ 1920ರಲ್ಲಿ ಉಸ್ಮಾನ್ ಸಾಗರವೂ ಈಸಿ ನದಿಗೆ ಅಡ್ಡಲಾಗಿ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ನೆರೆಯನ್ನು ತಡೆಯಲು ಕಟ್ಟಿದ ಕೆರೆಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಊರು ಬೆಳೆದಂತೆ 1960ರ ದಶಕದಿಂದ ಮಂಜೀರಾ ನದಿಯ ನೀರು ಬಂತು. 2004ರಿಂದ ನಾಗಾರ್ಜುನ ಸಾಗರದ ಕಡೆಯಿಂದ ಕೃಷ್ಣೆಯ ನೀರು ಬರುತ್ತಿದೆ. ಮುಂದೆ ಗೋದಾವರಿಯೂ ಸೇರಿತು.

ಮಂಜೀರಾ ಎಲ್ಲಿಂದ ಬರುತ್ತಾಳೆ? ಮಹಾರಾಷ್ಟ್ರದಲ್ಲಿ ಹುಟ್ಟಿ, ನಮ್ಮ ಬೀದರ ಜಿಲ್ಲೆಯನ್ನು ಹಾಯ್ದು ತೆಲಂಗಾಣಕ್ಕೆ ಬರುತ್ತಾಳೆ. ಕೃಷ್ಣೆಯೋ, ಬಾಗಲಕೋಟೆ, ವಿಜಯಪುರ, ರಾಯಚೂರುಗಳನ್ನು ದಾಟಿ, ತುಂಗಭದ್ರೆಯನ್ನೂ ಕೂಡಿಕೊಂಡು ನಾಗಾರ್ಜುನ ಸಾಗರವನ್ನು ಸೇರುತ್ತಾಳೆ. ನಾವು ರೈಲಿನಲ್ಲಿ ಬಂದೆವು, ಅವರು ನಡೆದು ಬಂದರು, ಅಷ್ಟೇ ವ್ಯತ್ಯಾಸ. ಅಡಿಗೆಮನೆಯ ನಲ್ಲಿ ತಿರುಗಿಸುವಾಗ ಮಕ್ಕಳಿಗೆ ಇದನ್ನೊಮ್ಮೆ ಹೇಳಿ ನೋಡಿ. ಭೂಗೋಳದ ಪಾಠವೂ ಆಗುತ್ತದೆ, ಊರಿನ ನೆನಪೂ ಆಗುತ್ತದೆ.

ನೀರಿನಿಂದ ಮಣ್ಣಿಗೆ ಬರೋಣ. ಇಲ್ಲಿ ಗಿಡ ನೆಡುವವರು ಮೊದಲು ಎರಡು ಭಾಷೆಗಳ ಗಡಿಯನ್ನು ದಾಟಬೇಕು. ನಮ್ಮ ಪರಿಚಿತರೊಬ್ಬರು ಸಸಿ ಮಾರುವವನಿಗೆ "ಎರೆಮಣ್ಣು ತಂದುಕೊಡಪ್ಪಾ" ಎಂದರಂತೆ. ಅವನು ಕೆಂಪು ಮಣ್ಣಿನ ಎರಡು ಚೀಲ ತಂದು ಇಳಿಸಿದ. ಇಬ್ಬರದೂ ಸರಿ. ನಮ್ಮ ಎರೆ ಕಪ್ಪು, ಅವರ ಎರ್ರ ಕೆಂಪು. ಆದರೆ ಕುಂಡದ ಗಿಡಕ್ಕೆ ಆ ಕೆಂಪು ಮಣ್ಣೇ ಅನುಕೂಲವಾಯಿತು. ಎರೆಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಕೆಂಪು ಮಣ್ಣಿಗೆ ಕೊಳೆತ ಸಗಣಿಗೊಬ್ಬರವನ್ನೂ ಸ್ವಲ್ಪ ಮರಳನ್ನೂ ಬೆರೆಸಿದರೆ ನೀರು ನಿಲ್ಲದೆ ಇಳಿಯುತ್ತದೆ, ಬೇರಿಗೆ ಉಸಿರಾಡಲು ಜಾಗವಾಗುತ್ತದೆ.

ಸೊಪ್ಪು ತರಕಾರಿಗಳಲ್ಲಿಯೂ ಇಂಥ ತಮಾಷೆಗಳಿವೆ. ಇಲ್ಲಿ ಬಚ್ಚಲಿಕೂರ ಎಂದು ಮಾರುವ ಸೊಪ್ಪಿನ ಹೆಸರು ಕೇಳಿದರೆ ಕನ್ನಡದ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಅದು ಬೇರೇನೂ ಅಲ್ಲ, ನಮ್ಮ ಬಸಳೆ. ನಮ್ಮ ಹಳ್ಳಿಗಳಲ್ಲಿ ಅದನ್ನು ಬಚ್ಚಲ ನೀರು ಹರಿಯುವ ಕಡೆಗೇ ಹಬ್ಬಿಸುವುದುಂಟಾದ್ದರಿಂದ ಆ ಹೆಸರಿಗೆ ನಾವು ಕೋಪಿಸಿಕೊಳ್ಳುವಂತೆಯೂ ಇಲ್ಲ. ನಮ್ಮ ಹೀರೇಕಾಯಿ ಇಲ್ಲಿ ಬೀರಕಾಯ, ತೊಂಡೆಕಾಯಿ ದೊಂಡಕಾಯ, ಸೋರೆಕಾಯಿ ಸೊರಕಾಯ. ವೇಷ ಬದಲಾಯಿಸಿದ ನಂಟರಂತೆ ಎಲ್ಲವೂ ಗುರುತು ಸಿಗುತ್ತವೆ.

ನೆಡುವ ಕಾಲವೂ ಎರಡು ಕಡೆಗೂ ಒಂದೇ. ನಾವು ರೋಹಿಣಿ ಮಳೆ, ಮೃಗಶಿರಾ ಮಳೆ ಎನ್ನುತ್ತೇವೆ. ತೆಲುಗಿನವರು ಮಳೆಯ ಬದಲು ಕಾರ್ತೆ ಎನ್ನುತ್ತಾರೆ. ಜೂನ್ 7-8ರ ಸುಮಾರಿಗೆ ಮೃಗಶಿರೆ ಹುಟ್ಟುವ ದಿನ ಈ ಊರಿನ ಮೀನಿನಂಗಡಿಗಳ ಮುಂದೆ ಜನ ನೆರೆಯುತ್ತಾರೆ. ಮೀನು ತಿನ್ನದವರಿಗೂ ಅದೊಂದು ಸೂಚನೆ: ಕುಂಡದ ಮಣ್ಣು ಸಡಿಲಿಸಿ ಬೀಜ ಹಾಕಬಹುದು. ಅದಕ್ಕೆ ಮೊದಲು, ಏಪ್ರಿಲ್ ಮೇ ತಿಂಗಳ ತಾರಸಿಯ ಬಿಸಿಲಿಗೆ ಎಳೆಯ ಸಸಿ ತಡೆಯದು. ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ನೀರು, ಮಧ್ಯಾಹ್ನಕ್ಕೆ ನೆರಳು, ಇದು ಕುಂಡದ ಗಿಡದ ಸಂವಿಧಾನ.

ಇನ್ನು ಯಂತ್ರಗಳು. ಮಿಕ್ಸಿ ಶೇಂಗಾಪುಡಿ ಅರೆಯುವಾಗ ಥಟ್ಟನೆ ನಿಂತರೆ ಗಾಬರಿಯಾಗಬಾರದು. ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾದಾಗ ಮೋಟಾರಿನ ಮೇಲೆ ಭಾರ ಬೀಳುತ್ತದೆ. ಅನೇಕ ಮಿಕ್ಸಿಗಳ ತಳದಲ್ಲಿ ಒಂದು ಕೆಂಪು ಗುಂಡಿಯಿದೆ. ಭಾರ ಮೀರಿದಾಗ ಮೋಟಾರು ಸುಡದಂತೆ ವಿದ್ಯುತ್ತನ್ನು ಕಡಿಯುವ ಕಾವಲುಗಾರ ಅದು. ಪ್ಲಗ್ಗು ತೆಗೆದು, ಜಾರಿನಲ್ಲಿರುವುದನ್ನು ಕಡಿಮೆ ಮಾಡಿ, ಮೋಟಾರು ಆರಿದಮೇಲೆ ಆ ಗುಂಡಿ ಒತ್ತಿದರೆ ಬಹಳ ಸಲ ಮಿಕ್ಸಿ ಮತ್ತೆ ತಿರುಗುತ್ತದೆ. ಫ್ರಿಜ್ಜಿನ ಬಾಗಿಲು ಸರಿಯಾಗಿ ಕೂಡುತ್ತದೆಯೇ ಎಂದು ನೋಡಲು ಒಂದು ಕಾಗದ ಸಾಕು. ಕಾಗದವನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಬೇಕು. ಸಲೀಸಾಗಿ ಬಂದರೆ ರಬ್ಬರಿನ ಪಟ್ಟಿ ಸಡಿಲವಾಗಿದೆ ಎಂದರ್ಥ. ಬಿಸಿನೀರು ಸೋಪಿನಿಂದ ಒರೆಸಿ ನೋಡಬೇಕು, ಆಗದಿದ್ದರೆ ಪಟ್ಟಿ ಬದಲಾಯಿಸಬೇಕು.

ನಮ್ಮ ಬೀದಿಗೆ ಬರುವ ರಿಪೇರಿಯವನು ಹಳೆಯ ಶಹರಿನವನು, ಅವನ ಮಾತು ದಖ್ಖನಿ. ಹೌದೆನ್ನುವುದಕ್ಕೆ ಅವನು "ಹೌ" ಎಂದರೆ ನಮ್ಮವನೇ ಎನ್ನಿಸುತ್ತದೆ. ನಮ್ಮ ಹಳೆಯ ಮಿಕ್ಸಿಯನ್ನು ಬಿಚ್ಚಿ ನೋಡಿ, "ನವಾ ನಕ್ಕೊ ಸಾಬ್, ಯೇಚ್ ಚಲ್ತಾ" ಎಂದ. ಹೊಸದು ಬೇಡ, ಇದೇ ನಡೆಯುತ್ತದೆ ಎಂದು ತಾತ್ಪರ್ಯ. ಹೊಸದನ್ನು ಕೊಳ್ಳಿ ಎನ್ನುವ ಅಂಗಡಿಗಳ ನಡುವೆ ಹೀಗೆನ್ನುವ ಮನುಷ್ಯನೊಬ್ಬ ಇರುವುದು ಈ ಊರಿನ ಸಂಪತ್ತು.

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇವೆ. ಹೋದ ಮಳೆಗಾಲದಲ್ಲಿ ಲಿಂಗಸುಗೂರಿನ ಕಡೆಯಿಂದ ನಮ್ಮ ತಾಯಿಯವರು ಬಂದಿದ್ದರು. ನಮ್ಮ ಎಂಟು ವರ್ಷದ ಮಗಳು ಅಜ್ಜಿಗೆ ನಮಸ್ಕಾರ ಮಾಡಿದಳು, "ಚೆನ್ನಾಗಿದ್ದೀರಾ" ಎಂದಳು. ಅಲ್ಲಿಗೆ ಅವಳ ಕನ್ನಡದ ಕೋಶ ಬರಿದಾಯಿತು. ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿ ತೆಲುಗು ಹಿಂದಿ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೂ ಉತ್ತರ ಬೇರೆ ಭಾಷೆಯಲ್ಲಿ ಬರುತ್ತಿತ್ತು. ಮೊದಲ ಎರಡು ದಿನ ಅಜ್ಜಿ ಮೊಮ್ಮಗಳು ಒಂದೇ ಹಾಸಿಗೆಯ ಮೇಲೆ ಕುಳಿತು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಆ ನಗು ನೋಡಿ ನಮಗೂ ನಮ್ಮ ಮನೆಯವರಿಗೂ ಕರುಳು ಹಿಂಡಿದಂತಾಯಿತು. ಅಷ್ಟು ದೂರದಿಂದ ಬಂದ ಮುದುಕಿಗೆ ಮೊಮ್ಮಗಳಿಂದ ಸಿಕ್ಕಿದ್ದು ಎರಡು ವಾಕ್ಯ.

ಮೂರನೆಯ ದಿನ ತಾಯಿಯವರು ತಾರಸಿ ಹತ್ತಿದರು. ಕುಂಡದಲ್ಲಿದ್ದ ಗಿಡವನ್ನು ನೋಡಿ, "ಇದು ಪುಂಡಿ ಅಲ್ಲೇನವ್ವಾ? ಯಾರು ಹಚ್ಯಾರ ಇದನ್ನ?" ಎಂದರು.

ಮಗಳು, "ನಾನೇ, ಅಜ್ಜಿ. ಇದು ಗೋಂಗೂರ" ಎಂದಳು.

"ಗೋಂಗೂರ? ಅದ್ಯಾವ ಊರವ್ವಾ?"

ಮಗಳು ಬಿದ್ದು ಬಿದ್ದು ನಕ್ಕಳು. ತಾಯಿಯವರೂ ನಕ್ಕರು. ಅಂದಿನಿಂದ ಇಬ್ಬರೂ ತಾರಸಿ ಬಿಟ್ಟು ಇಳಿಯಲಿಲ್ಲ. ಎಲೆ ಚಿವುಟುವುದು, ಪಲ್ಯ ಸೋಸುವುದು, ಕಳೆ ಕೀಳುವುದು, ಗಿಡಕ್ಕೆ ನೀರು ಹಣಿಸುವುದು, ಒಂದೊಂದು ಕೆಲಸಕ್ಕೂ ಒಂದೊಂದು ಮಾತು. ಪುಸ್ತಕದಿಂದ ಕಲಿಸಹೋದಾಗ ಬಾಯಿ ತೆರೆಯದ ಮಗು ಕೈ ಮಣ್ಣಾದಾಗ ಮಾತನಾಡಿತು. ಅಜ್ಜಿ ಹಿಂದಿರುಗಿದಮೇಲೆ ಭಾನುವಾರದ ಫೋನಿನಲ್ಲಿ ಮೊದಲು ಪುಂಡಿಯ ಸಮಾಚಾರ, ಆಮೇಲೆ ನಮ್ಮದು. ವಾಕ್ಯ ತೊಡರುತ್ತದೆ, ಲಿಂಗ ವಚನ ಕೆಡುತ್ತದೆ. ಆದರೂ ಅದು ಕನ್ನಡ, ಮತ್ತು ಅಜ್ಜಿಗೆ ಅರ್ಥವಾಗುವ ಕನ್ನಡ.

ಇದರಿಂದ ನಮಗೆ ತೋರಿದ್ದಿಷ್ಟು. ಭಾಷೆ ಕೆಲಸದ ಜೊತೆಗೆ ಬರುತ್ತದೆ. ನಾವು ಪರಸ್ಥಳದವರು ಹಬ್ಬಕ್ಕೊಂದು ಕನ್ನಡ ಇಟ್ಟುಕೊಂಡಿದ್ದೇವೆ, ರೇಷ್ಮೆ ಸೀರೆಯಂತೆ. ಪೆಟ್ಟಿಗೆಯಲ್ಲಿಟ್ಟ ಸೀರೆ ಮಡಿಕೆಯಲ್ಲಿಯೇ ಹರಿಯುತ್ತದೆ. ದಿನಕ್ಕೊಂದು ಕನ್ನಡ ಬೇಕು, ನೂಲಿನ ಸೀರೆಯಂತೆ. "ಟಾರ್ಚು ಹಿಡಿ, ತಿರುಪು ಸಡಿಲಿಸು, ಬುಡಕ್ಕೆ ಮಣ್ಣೇರಿಸು, ಪ್ಲಗ್ಗು ಕೀಳು" ಎಂದು ಮಕ್ಕಳನ್ನು ಜೊತೆಗಿಟ್ಟುಕೊಂಡು ಕೆಲಸ ಮಾಡಿದರೆ ಅದು ತಾನಾಗಿ ಬರುತ್ತದೆ. ಪ್ಲಗ್ಗು, ಟಾರ್ಚು ಇಂಗ್ಲಿಷಾದರೇನು? ಹಿಡಿಯುವುದು, ಕೀಳುವುದು ಕನ್ನಡವಾದರೆ ಸಾಕು.

ಇನ್ನೊಂದು ಮಾತು. ನಮ್ಮಲ್ಲಿ ಅನೇಕರು "ಎಷ್ಟಾದರೂ ನಾಳೆ ಊರಿಗೆ ಹೋಗುವವರು" ಎಂದು ಗಿಡ ನೆಡುವುದಿಲ್ಲ, ಸೋರುವ ನಲ್ಲಿ ತಿರುಗಿಸುವುದಿಲ್ಲ. ಆ ನಾಳೆ ಇಪ್ಪತ್ತು ವರ್ಷವಾದರೂ ಬರುವುದಿಲ್ಲ. 1956ರ ನವೆಂಬರ್ 1ರಂದು ರಾಯಚೂರು, ಕಲಬುರ್ಗಿ, ಬೀದರಗಳು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಕನ್ನಡನಾಡನ್ನು ಕೂಡಿದವು. ಅಂದು ಇಲ್ಲಿಯೇ ಉಳಿದ ಕನ್ನಡ ಮನೆಗಳೂ ಇದ್ದವು. ಅವರ ಮೊಮ್ಮಕ್ಕಳು ಈ ಸಭೆಯಲ್ಲಿದ್ದಾರೆ. ಇರುವ ಊರಿನಲ್ಲಿ ಬೇರು ಬಿಟ್ಟರೆ ಬಿಟ್ಟುಬಂದ ಊರಿಗೆ ದ್ರೋಹವಾಗುವುದಿಲ್ಲ. ಬೇರಿಲ್ಲದ ಗಿಡಕ್ಕೆ ಚಿಗುರೂ ಇಲ್ಲ.

ಕಡೆಯದಾಗಿ ಸಂಘದವರಲ್ಲಿ ಒಂದು ವಿಜ್ಞಾಪನೆ. ಬರುವ ಮೃಗಶಿರೆಯ ಹೊತ್ತಿಗೆ ಸಂಘದ ಅಂಗಳದಲ್ಲಿ ಎರಡು ಮೇಜು ಹಾಕೋಣ. ಒಂದರ ಮೇಲೆ ಮನೆ ಮನೆಯಿಂದ ತಂದ ಬೀಜ, ಬಸಳೆಯ ಬಳ್ಳಿ, ದೊಡ್ಡಪತ್ರೆಯ ಕಡ್ಡಿ, ಪುಂಡಿಯ ಸಸಿ. ಇನ್ನೊಂದರ ಮೇಲೆ ಕೆಟ್ಟು ಕುಳಿತ ಮಿಕ್ಸಿ, ಇಸ್ತ್ರಿ ಪೆಟ್ಟಿಗೆಗಳು, ಅವನ್ನು ಬಿಚ್ಚಬಲ್ಲವರು. ಎರಡೂ ಮೇಜಿನ ಸುತ್ತ ಮಕ್ಕಳು. ಭಾಷಣ ಬೇಡ, ನಮ್ಮದೂ ಬೇಡ. ಹಿರಿಯರು ಕೆಲಸ ಮಾಡುತ್ತ ಹೇಳಲಿ, ಮಕ್ಕಳು ಮಾಡುತ್ತ ಕೇಳಲಿ. ವೆಚ್ಚದ ಅಂದಾಜನ್ನು ನಾವು ಹಾಕಿ ಕೊಡುತ್ತೇವೆ. ಚಹದ ಖರ್ಚು ಬಿಟ್ಟರೆ ಬೇರೇನೂ ಬರೆಯುವಂತಿಲ್ಲ.