ಕೂಸಿನ ಕರುಳು, ಡಬ್ಬಿಯ ಹಾಲು

ಔಷಧಿ ಅಂಗಡಿಯಲ್ಲಿ ಎಳೆಗೂಸುಗಳ ಪುಡಿಹಾಲಿನ ಡಬ್ಬಿಯೊಂದನ್ನು ಕೈಗೆ ತೆಗೆದುಕೊಂಡು ನೋಡಿ. ಅದರ ಮೇಲೆ ನಗುವ ಮಗುವಿನ ಚಿತ್ರ ಇರುವುದಿಲ್ಲ. 1992ರ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. 2003ರ ತಿದ್ದುಪಡಿಯಾದ ಮೇಲೆ ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತೂ ಕೂಡದು. ಹೀಗಾಗಿ ತಯಾರಕರಿಗೆ ಉಳಿದಿರುವ ಮುಖ್ಯ ಜಾಗವೆಂದರೆ ಡಬ್ಬಿಯ ಮೈ. ಅಲ್ಲಿ ಈಚೆಗೆ ಎರಡು ಪದಗಳು ಪದೇ ಪದೇ ಕಾಣಿಸುತ್ತಿವೆ: ಪ್ರೋಬಯೋಟಿಕ್ ಮತ್ತು ಪ್ರಿಬಯೋಟಿಕ್.

ಪ್ರೋಬಯೋಟಿಕ್ ಎಂದರೆ ಮೈಗೆ ಒಳಿತು ಮಾಡುವ ಜೀವಂತ ಬ್ಯಾಕ್ಟೀರಿಯಾ. ಪ್ರಿಬಯೋಟಿಕ್ ಅದರ ಮೇವು. ನಮಗೆ ಅರಗದ, ಅದಕ್ಕೆ ಮಾತ್ರ ದಕ್ಕುವ ಸಕ್ಕರೆ.

ಈ ಆಲೋಚನೆ ಬಂದದ್ದು ಎದೆಹಾಲಿನಿಂದಲೇ. ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಎದೆಹಾಲಿನ ಘನಾಂಶದಲ್ಲಿ ಹೆಚ್ಚಾಗಿರುವುದು ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಗಳ ಗುಂಪು. ಲೀಟರಿಗೆ ಸುಮಾರು 5ರಿಂದ 15 ಗ್ರಾಂ, ಅದರಲ್ಲಿ 150ಕ್ಕೂ ಮಿಕ್ಕಿದ ಬಗೆಗಳು. ಸೋಜಿಗವೆಂದರೆ ಕೂಸು ಇವನ್ನು ಅರಗಿಸಿಕೊಳ್ಳಲಾರದು. ಹಸಿ ಬಾಣಂತಿಯ ಮೈ, ಮಗುವಿಗೆ ದಕ್ಕದ ಪದಾರ್ಥವನ್ನು ಇಷ್ಟು ಧಾರಾಳವಾಗಿ ಏಕೆ ತಯಾರಿಸಬೇಕು? ಈ ಸಕ್ಕರೆಗಳು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿರುವ ಬಿಫಿಡೊ ಬ್ಯಾಕ್ಟೀರಿಯಾ ಇವನ್ನು ತಿಂದು ಆಮ್ಲಗಳನ್ನು ಬಿಡುತ್ತದೆ. ಕರುಳು ಹುಳಿಯಾದಷ್ಟೂ ರೋಗ ತರುವ ಅನೇಕ ಸೂಕ್ಷ್ಮಾಣುಗಳಿಗೆ ಅಲ್ಲಿ ಬೆಳೆಯುವುದು ಕಷ್ಟ. ಇನ್ನು ಕೆಲವು ರೋಗಾಣುಗಳು ಕರುಳಿನ ಗೋಡೆ ಎಂದು ತಿಳಿದು ಈ ಸಕ್ಕರೆಗೇ ಅಂಟಿಕೊಂಡು ಮಲದ ಜೊತೆ ಹೊರಹೋಗುತ್ತವೆ. ಬಿಫಿಡೊ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದವರು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ. 1900ರ ಆಸುಪಾಸಿನಲ್ಲಿ, ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಅದು ಅವರ ಕಣ್ಣಿಗೆ ಬಿತ್ತು.

ಹಸುವಿನ ಹಾಲಿನಲ್ಲಿ ಇಂಥ ಸಕ್ಕರೆ ತೀರಾ ಕಡಿಮೆ. ಅದರಿಂದ ತಯಾರಾಗುವ ಪುಡಿಹಾಲಿಗೆ ಲ್ಯಾಕ್ಟೋಸ್‌ನಿಂದ ಮಾಡಿದ ಒಂದು ಬಗೆಯ ಆಲಿಗೋಸ್ಯಾಕರೈಡನ್ನೂ ಚಿಕೋರಿ ಬೇರಿನಿಂದ ತೆಗೆದ ಇನ್ನೊಂದನ್ನೂ ಬೆರೆಸುವುದು ವಾಡಿಕೆ. ಹೌದು, ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವ ಅದೇ ಚಿಕೋರಿ! ಕಳೆದ ಹತ್ತು ವರ್ಷಗಳಲ್ಲಿ ಎದೆಹಾಲಿನದೇ ಕೆಲವು ಸಕ್ಕರೆಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ ಹಾಕುವುದೂ ಶುರುವಾಗಿದೆ. ಆದರೂ ಅದು ಬೆರಳೆಣಿಕೆಯ ಲೆಕ್ಕ, 150ರ ಮುಂದೆ ಏನೂ ಅಲ್ಲ.

ಪ್ರಯೋಜನವಿದೆಯೇ? ಪ್ರಿಬಯೋಟಿಕ್ ಬೆರೆತ ಹಾಲು ಕುಡಿದ ಮಕ್ಕಳ ಮಲ ಮೆತ್ತಗಾಗುತ್ತದೆ, ಬಿಫಿಡೊ ಹೆಚ್ಚುತ್ತದೆ. ಇಷ್ಟು ನಿಜ. ಮಲ ಬದಲಾದ ಮಾತ್ರಕ್ಕೆ ಕಾಯಿಲೆ ಕಡಿಮೆಯಾಯಿತೆಂದು ಹೇಳಲಾಗದು. ಯುರೋಪಿನ ಮಕ್ಕಳ ಜಠರ ಮತ್ತು ಪೋಷಣೆ ತಜ್ಞರ ಸಂಘ 2011ರಲ್ಲಿ ಎಲ್ಲ ಪುರಾವೆಗಳನ್ನೂ ತೂಗಿ ನೋಡಿತು. ಆರೋಗ್ಯವಂತ ಮಕ್ಕಳಿಗೆ ಇವುಗಳಿಂದ ಅಪಾಯ ಕಾಣದು, ಆದರೆ ಎಲ್ಲರಿಗೂ ವಾಡಿಕೆಯಾಗಿ ಕೊಡಿ ಎಂದು ಶಿಫಾರಸು ಮಾಡುವಷ್ಟು ಆಧಾರವೂ ಇಲ್ಲ ಎಂದಿತು.

ಇಲ್ಲಿ ಒಡಿಶಾದ ಮಾತು ಬರಬೇಕು. ಅಲ್ಲಿನ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕೂಸುಗಳಿಗೆ ಒಂದು ಲ್ಯಾಕ್ಟೊಬ್ಯಾಸಿಲಸ್ ತಳಿಯನ್ನು ಅದರ ಮೇವಿನೊಡನೆ ಬರೀ 7 ದಿನ ಬಾಯಿಗೆ ಹಾಕಿದರು. ಉಳಿದವಕ್ಕೆ ಔಷಧವಿಲ್ಲದ ಪುಡಿ. ಎರಡು ತಿಂಗಳಲ್ಲಿ ನಂಜು ಅಥವಾ ಸಾವಿಗೆ ತುತ್ತಾದವು ಔಷಧವಿಲ್ಲದ ಗುಂಪಿನಲ್ಲಿ ಶೇ 9, ಇನ್ನೊಂದರಲ್ಲಿ ಶೇ 5.4. ಅಗ್ಗದ ಒಂದು ಪುಡಿಗೆ ಇದು ದೊಡ್ಡ ಗೆಲುವೇ ಸರಿ. ಆದರೆ ಆ ಕೂಸುಗಳು ತಾಯಿಯ ಹಾಲು ಕುಡಿಯುತ್ತಿದ್ದವು, ದಿನ ತುಂಬುತ್ತ ಬಂದು ಹುಟ್ಟಿದವು, ಎರಡು ಕಿಲೋಗೆ ಕಡಿಮೆ ಇರಲಿಲ್ಲ. ಕೊಟ್ಟದ್ದೂ ಒಂದು ನಿರ್ದಿಷ್ಟ ತಳಿ. ಆ ಫಲಿತಾಂಶವನ್ನು ಬೇರೆ ಯಾವುದೋ ತಳಿಯಿರುವ ಡಬ್ಬಿಗೆ ಅಂಟಿಸುವುದು ಸಲ್ಲದು. ದಿನ ತುಂಬದೆ ಹುಟ್ಟಿದ ಮಕ್ಕಳ ವಿಷಯವಂತೂ ಬೇರೆಯೇ. ಆಸ್ಪತ್ರೆಯಲ್ಲಿ ಪ್ರೋಬಯೋಟಿಕ್ ಕೊಟ್ಟಿದ್ದ ಅಂಥ ಒಂದು ಮಗು ಅದೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ತೀರಿಕೊಂಡಾಗ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2023ರ ಅಕ್ಟೋಬರಿನಲ್ಲಿ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತು. ಅಂಥ ಮಕ್ಕಳಿಗೆ ಅಂಗಡಿಯಿಂದ ತಂದು ಮನೆಯಲ್ಲಿ ಹಾಕುವುದು ಬೇಡವೇ ಬೇಡ.

ಡಬ್ಬಿ ಹಾಲು ಅನಿವಾರ್ಯವಾದ ಮನೆಗಳಿಗೆ ಒಂದು ಮಾತು. ಪುಡಿಹಾಲು ಪೂರ್ತಿ ಸೂಕ್ಷ್ಮಾಣುರಹಿತವಲ್ಲ. ಎಂದೋ ಒಮ್ಮೆ ಕ್ರೋನೊಬ್ಯಾಕ್ಟರ್ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಅದರಲ್ಲಿ ಇರಬಹುದು. ಅದಕ್ಕೇ 70 ಡಿಗ್ರಿಗೆ ಕಡಿಮೆಯಿಲ್ಲದ ನೀರಿನಲ್ಲಿ ಪುಡಿ ಕಲಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಷ್ಟು ಬಿಸಿಗೆ ನೀವು ದುಡ್ಡು ಕೊಟ್ಟು ಕೊಂಡ ಪ್ರೋಬಯೋಟಿಕ್ಕೂ ಸಾಯುತ್ತದೆ! ಅದಕ್ಕೇ ಅಂಥ ಹಲವು ಡಬ್ಬಿಗಳ ಮೇಲೆ ಕಾಯಿಸಿ ಆರಿಸಿದ ನೀರು ಬಳಸಿ ಎಂದು ಬರೆದಿರುತ್ತದೆ. ಈ ಪೇಚನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಕೂಸು ತೀರಾ ಎಳೆಯದಾಗಿದ್ದರೆ ನಾನು ಬಿಸಿನೀರಿನ ಕಡೆ. ಪ್ರಿಬಯೋಟಿಕ್ ಸಕ್ಕರೆಗೆ ಆ ಬಿಸಿ ಏನೂ ಮಾಡದು. ನಿಮ್ಮ ಮಕ್ಕಳ ವೈದ್ಯರನ್ನೂ ಒಮ್ಮೆ ಕೇಳಿ.

ನೀರು ಕೊತಕೊತ ಕುದಿಯಲಿ. ಇಳಿಸಿದ ಮೇಲೆ ಅರ್ಧ ಗಂಟೆಯೊಳಗೆ ಬಳಸಿ. ಡಬ್ಬಿಯ ಚಮಚದಲ್ಲೇ ಅಳೆಯಿರಿ, ಪುಡಿ ಉಳಿಸಲು ಹಾಲು ತೆಳ್ಳಗೆ ಮಾಡಬೇಡಿ. ಕಲಸಿದ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ ಕುಡಿಸಿ. ಬಾಟಲಿಗಿಂತ ಒಳಲೆ ಒಳ್ಳೆಯದು. ಅದಕ್ಕೆ ಮೂಲೆಮುಡುಕಿಲ್ಲ, ತೊಳೆಯುವುದು ಸುಲಭ. ಎರಡು ಗಂಟೆಯೊಳಗೆ ಕುಡಿಸದೆ ಉಳಿದ ಹಾಲನ್ನು ಚೆಲ್ಲಿಬಿಡಿ.