ಜ್ಞಾನೋಕ್ತಿಗಳು ನಡೆದು ಬಂದ ದಾರಿ

ಬೈಬಲ್ಲಿನ ಜ್ಞಾನೋಕ್ತಿಗಳ ಪುಸ್ತಕದಲ್ಲಿ 25ನೆಯ ಅಧ್ಯಾಯದ ಆರಂಭಕ್ಕೆ ಒಂದು ಪುಟ್ಟ ಟಿಪ್ಪಣಿ ಇದೆ. ಮುಂದಿನ ಮಾತುಗಳು ಸೊಲೊಮೋನನವು, ಅವನ್ನು ನಕಲು ಮಾಡಿದವರು ಯೆಹೂದದ ಅರಸ ಹಿಜ್ಕೀಯನ ಕಡೆಯವರು ಎಂದು ಅದು ತಿಳಿಸುತ್ತದೆ. ಹಿಜ್ಕೀಯ ಆಳಿದ್ದು ಕ್ರಿಸ್ತಪೂರ್ವ 700ರ ಆಸುಪಾಸಿನಲ್ಲಿ. ಸೊಲೊಮೋನನ ಕಾಲ ಆಗಲೇ ಇನ್ನೂರು ವರ್ಷ ಹಿಂದಕ್ಕೆ ಸರಿದಿತ್ತು. ಅಂದರೆ ಈ ಪುಸ್ತಕ ಒಬ್ಬನೇ ಕೂತು ಬರೆದದ್ದಲ್ಲ, ತಲೆಮಾರುಗಳು ಕೂಡಿಸಿಟ್ಟದ್ದು. ಆಗೂರನೆಂಬವನ ಮಾತುಗಳೂ ಇದರಲ್ಲಿವೆ. ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಹೇಳಿದ ಬುದ್ಧಿಮಾತೂ ಇದೆ: ಕುಡಿತಕ್ಕೆ ಬಿದ್ದು ದಿಕ್ಕಿಲ್ಲದವರ ನ್ಯಾಯವನ್ನು ಮರೆಯಬಾರದು ಎಂದು.

ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸುವುದು ಇದರ ಸಂತೆಯ ವಿವೇಕ. ಆಗಿನ ವ್ಯಾಪಾರಿ ತೂಕದ ಕಲ್ಲುಗಳನ್ನು ಚೀಲದಲ್ಲಿ ಹೊತ್ತು ತಿರುಗುತ್ತಿದ್ದ. ಕೊಳ್ಳಲು ಭಾರದ್ದೊಂದು, ಮಾರಲು ಹಗುರದ್ದೊಂದು ಇಟ್ಟುಕೊಂಡರೆ ಕೇಳುವವರಾರು? ಯೆಹೂದದ ನೆಲ ಅಗೆದಾಗ ಅಂಥ ಕಲ್ಲುಗಳೇ ಸಿಕ್ಕಿವೆ: ಅಡಿ ಚಪ್ಪಟೆ, ನೆತ್ತಿ ಗುಂಡಗೆ, ಮೇಲೆ ಕೆತ್ತಿದ ಗುರುತು. ಆಗಿನ ತೂಕದ ಅಳತೆಯಾದ ಒಂದು ಶೆಕೆಲಿನ ಕಲ್ಲು ಸುಮಾರು 11 ಗ್ರಾಂ ತೂಗುತ್ತದೆ. ಇಷ್ಟು ಚಿಕ್ಕ ಕಲ್ಲಿನಲ್ಲಿ ಮಾಡುವ ಮೋಸವೂ ದೇವರಿಗೆ ಅಸಹ್ಯವೆಂದು ಜ್ಞಾನಿಗಳು ಖಡಾಖಂಡಿತವಾಗಿ ಹೇಳಿದರು.

ಅವರು ನೆರೆನಾಡಿನಿಂದಲೂ ಕಲಿತರು. ಈಜಿಪ್ಟಿನ ಅಮೆನೆಮೋಪೆಯ ಉಪದೇಶದ ಪಪೈರಸ್ ಸುರುಳಿ 1923ರಲ್ಲಿ ಪ್ರಕಟವಾಯಿತು. ಮರುವರ್ಷವೇ ಜರ್ಮನ್ ವಿದ್ವಾಂಸ ಆಡಾಲ್ಫ್ ಎರ್ಮಾನ್ ಅದಕ್ಕೂ ಜ್ಞಾನೋಕ್ತಿಗಳ 22, 23ನೆಯ ಅಧ್ಯಾಯಗಳಿಗೂ ಇರುವ ನಂಟನ್ನು ತೋರಿಸಿದರು. ಬಡವನನ್ನು ದೋಚಬೇಡ, ಹೊಲದ ಗಡಿಕಲ್ಲು ಸರಿಸಬೇಡ, ಮುಂಗೋಪಿಯ ಸಹವಾಸ ಬೇಡ ಎಂಬ ಬುದ್ಧಿಮಾತು ಎರಡರಲ್ಲೂ ಇದೆ. ಐಶ್ವರ್ಯಕ್ಕೆ ರೆಕ್ಕೆ ಮೂಡಿ ಹಾರಿಹೋಗುವ ಚಿತ್ರವೂ ಇದೆ. ಈಜಿಪ್ಟಿನವನಿಗೆ ಅದು ಬಾತು, ಇಸ್ರಾಯೇಲಿನವನಿಗೆ ಹದ್ದು. ಇದರಿಂದ ಪುಸ್ತಕದ ಘನತೆ ತಗ್ಗಿತೆಂದು ಕೆಲವರಿಗೆ ಅನ್ನಿಸಬಹುದು. ನನಗಂತೂ ಹೆಚ್ಚಿತೆಂದೇ ಅನ್ನಿಸುತ್ತದೆ. ಒಳ್ಳೆಯ ಮಾತನ್ನು ಪರದೇಶದ್ದೆಂದು ಅವರು ತಳ್ಳಿಬಿಡಲಿಲ್ಲ.

ಕನ್ನಡಕ್ಕೆ ಈ ಮಾತುಗಳು ಬಂದದ್ದು ಬಳ್ಳಾರಿಯ ದಾರಿಯಾಗಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿದರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರ ಹೊತ್ತಿಗೆ. ಮುಂದೆ ಬಾಸೆಲ್ ಮಿಷನ್ನಿನ ಕಿಟ್ಟೆಲ್ 1894ರ ತಮ್ಮ ನಿಘಂಟಿನಲ್ಲಿ ನಮ್ಮ ಗಾದೆಗಳನ್ನು ಧಾರಾಳವಾಗಿ ಸೇರಿಸಿದರು. ಜ್ಞಾನೋಕ್ತಿಗಳನ್ನು ಬಲ್ಲ ಪಾದ್ರಿಗೆ ನಮ್ಮ ಹಳ್ಳಿಯ ಗಾದೆ ರುಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಜ್ಞಾನೋಕ್ತಿಗಳ ಪುಸ್ತಕದಲ್ಲಿರುವ ಅಧ್ಯಾಯಗಳು 31. ಹಾಗಾಗಿ ತಾರೀಖಿಗೊಂದರಂತೆ ಓದುವ ಪರಿಪಾಠ ಅನೇಕರಲ್ಲಿದೆ. 26ನೆಯದಕ್ಕೆ ಬಂದಾಗ ಮಾತ್ರ ಸ್ವಲ್ಪ ನಿಲ್ಲಬೇಕು. ಮೂಢನಿಗೆ ಅವನ ಮಟ್ಟಕ್ಕಿಳಿದು ಉತ್ತರ ಕೊಡಬೇಡ ಎನ್ನುತ್ತದೆ ನಾಲ್ಕನೆಯ ವಚನ; ಕೊಡು ಎನ್ನುತ್ತದೆ ಐದನೆಯದು. ಇಂಥ ವಿರೋಧದ ಕಾರಣಕ್ಕೆ ಈ ಪುಸ್ತಕವನ್ನೇ ಬದಿಗಿಡಲು ಯೆಹೂದಿ ಪಂಡಿತರು ಯೋಚಿಸಿದ್ದರೆಂದು ಅವರ ಧರ್ಮಗ್ರಂಥ ತಾಲ್ಮುದ್ ಹೇಳುತ್ತದೆ. ಕೊನೆಗೆ, ಒಂದು ಲೌಕಿಕ ವಿಷಯಕ್ಕೆ, ಇನ್ನೊಂದು ಧರ್ಮಶಾಸ್ತ್ರದ ಚರ್ಚೆಗೆ ಎಂದು ಬಗೆಹರಿಸಿ ಎರಡನ್ನೂ ಉಳಿಸಿಕೊಂಡರು. ಕ್ಯಾಲೆಂಡರಿಗಾಗಿ ಒಂದೇ ವಚನ ಆರಿಸುವವರು ಅದರ ಪಕ್ಕದ್ದನ್ನೂ ಅಚ್ಚು ಹಾಕಿಸಲಿ ಎಂಬುದು ನನ್ನ ಮನವಿ.