ಸಂಚಕಾರ ಕೊಟ್ಟ ಆಶೀರ್ವಾದ

ಆಶೀರ್ವಾದ ಎಂಬುದು ನಮಗೆಲ್ಲ ಬಳಕೆಯ ಮಾತು. ಆಶಿಸ್ ಎಂದರೆ ಹಾರೈಕೆ, ವಾದ ಎಂದರೆ ನುಡಿ; ಹಾರೈಕೆಯ ನುಡಿಯೇ ಆಶೀರ್ವಾದ. ಆದರೆ ಹಾರೈಸಿದ್ದೆಲ್ಲ ಫಲಿಸುವುದೆ? ಫಲಿಸುವುದೆಂದು ನಂಬಲು ಆಧಾರವೇನು? ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಎಫೆಸದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯವನ್ನು ಅಭ್ಯಾಸ ಮಾಡುವಾಗ ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಆ ವಿಚಾರವಾಗಿ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ಎಫೆಸವು ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ರೇವುಪಟ್ಟಣ. ವ್ಯಾಪಾರಕ್ಕೂ ಆರ್ಟಿಮಿಸ್ ದೇವಿಯ ಮಹಾಮಂದಿರಕ್ಕೂ ಹೆಸರಾಗಿದ್ದ ಊರು. ಈ ಪತ್ರವನ್ನು ಸಂತ ಪೌಲನು ಬರೆದನೆಂಬುದು ಸಂಪ್ರದಾಯ. ಅವನ ಶಿಷ್ಯನೊಬ್ಬನದಿರಬಹುದೆಂಬುದು ಹಲವು ವಿದ್ವಾಂಸರ ಮತ. ಬರೆದವನು ಸೆರೆಯಲ್ಲಿದ್ದನೆಂದು ಪತ್ರವೇ ಹೇಳುತ್ತದೆ. ಸೆರೆಯಾಳು ಮೊದಲು ಎತ್ತಿಕೊಂಡ ವಿಷಯವಾದರೋ ದೂರಲ್ಲ, ಆಶೀರ್ವಾದ!

ಮೂರನೆಯ ವಚನದಿಂದ ಹದಿನಾಲ್ಕನೆಯದರವರೆಗೆ ಗ್ರೀಕ್ ಮೂಲದಲ್ಲಿ ಒಂದೇ ವಾಕ್ಯ; ಅದರಲ್ಲಿ 200ಕ್ಕೂ ಮಿಕ್ಕಿದ ಪದಗಳು. ಮನುಷ್ಯನು ದೇವರನ್ನು ಕೊಂಡಾಡುವುದಕ್ಕೂ ದೇವರು ಮನುಷ್ಯನನ್ನು ಹರಸುವುದಕ್ಕೂ ಅಲ್ಲಿ ಒಂದೇ ಧಾತು: 'ಒಳ್ಳೆಯದನ್ನು ನುಡಿ' ಎಂದು ಅದರ ಅರ್ಥ. ಇನ್ನೊಂದು ವಿಶೇಷವುಂಟು. ನಮ್ಮ ವ್ಯಾಕರಣದಲ್ಲಿ ಹರಸುವ ಮಾತಿಗೆ ವಿಧ್ಯರ್ಥರೂಪ; 'ಆಗಲಿ', 'ಬಾಳಲಿ' ಎನ್ನುತ್ತೇವೆ. ಇಲ್ಲಿಯಾದರೋ ಭೂತಕಾಲ. ಹರಸಿಯಾಯಿತು, ಕೊಟ್ಟೂ ಆಯಿತು ಎಂಬ ಧಾಟಿ.

ಕೊಟ್ಟದ್ದೇನು? ಲೋಕ ಹುಟ್ಟುವ ಮೊದಲೇ ಆರಿಸಿಕೊಂಡದ್ದು, ಮಕ್ಕಳಾಗಿ ದತ್ತು ತೆಗೆದುಕೊಂಡದ್ದು, ಕ್ರಿಸ್ತನ ರಕ್ತದ ಬೆಲೆಯಿಂದ ಬಿಡುಗಡೆ, ಪಾಪಕ್ಷಮೆ, ಪಿತ್ರಾರ್ಜಿತದಲ್ಲಿ ಪಾಲು, ಪವಿತ್ರಾತ್ಮನ ಮುದ್ರೆ. ಹೊನ್ನು, ಬೆಳೆ, ದೀರ್ಘಾಯುಸ್ಸು ಇವಾವುವೂ ಪಟ್ಟಿಯಲ್ಲಿಲ್ಲ.

ಕೊನೆಯ ವಚನದಲ್ಲಿ 'ಅರ್ರಬೋನ್' ಎಂಬ ಪದ ಬರುತ್ತದೆ. ಸೆಮಿಟಿಕ್ ನುಡಿಗಳಿಂದ ಗ್ರೀಕಿಗೆ ಬಂದ ವ್ಯಾಪಾರದ ಮಾತು ಅದು. ಪೂರ್ತಿ ಹಣ ಸಲ್ಲಿಸುವ ಮೊದಲು, ವ್ಯವಹಾರ ಖಚಿತವೆಂದು ತೋರಿಸಲು ಕೊಡುವ ಮುಂಗಡಕ್ಕೆ ಆ ಹೆಸರು. ಇಂದಿನ ಗ್ರೀಕರು ಮದುವೆಯ ನಿಶ್ಚಿತಾರ್ಥವನ್ನು ಅದೇ ಪದದಿಂದ ಕರೆಯುತ್ತಾರೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ಸಂಚಕಾರ. 'ಪ್ರಾಣಕ್ಕೆ ಸಂಚಕಾರ' ಎಂದು ಕೇಡಿನ ಅರ್ಥದಲ್ಲಿ ಬಳಸಿ ಬಳಸಿ ಮೂಲದ ಅರ್ಥ ಮರೆಯಾಗುತ್ತ ಬಂದಿದೆ. ಇದು ಸಂಸ್ಕೃತದ ಸತ್ಯಂಕಾರದ ತದ್ಭವ. ಅಮರಕೋಶದ ವೈಶ್ಯವರ್ಗದಲ್ಲಿ ಆ ಪದವುಂಟು. ಸತ್ಯಂಕಾರವೆಂದರೆ ಸತ್ಯವಾಗಿಸುವುದು, ಆಡಿದ ಮಾತನ್ನು ನಿಜ ಮಾಡಿ ತೋರುವುದು.

ಪತ್ರಕಾರನ ಇಂಗಿತ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಪವಿತ್ರಾತ್ಮನೇ ದೇವರು ಕೊಟ್ಟ ಸಂಚಕಾರ. ಪೂರ್ತಿ ಸೊತ್ತು ಇನ್ನೂ ಕೈಸೇರಬೇಕಾಗಿದೆ. ಆದರೆ ಅದರದೇ ಒಂದು ಅಂಶ ಈಗಾಗಲೇ ಸಂದಿದೆ. ಸೆರೆಮನೆಯಲ್ಲಿಯೂ ಹರಕೆಯನ್ನು ನಂಬಲು ಇದೇ ಆಧಾರ.

ಪರೀಕ್ಷೆಗೆ ಮುನ್ನ ನನ್ನ ವಿದ್ಯಾರ್ಥಿಗಳು ಬಂದು ಕಾಲು ಮುಟ್ಟಿದಾಗ 'ಒಳ್ಳೆಯದಾಗಲಿ' ಎನ್ನುತ್ತೇನೆ. ಎಲ್ಲ ಮೇಷ್ಟರೂ ಹೇಳುವ ಮಾತೇ ಅದು. ಈಗೀಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ: ಇದಕ್ಕೆ ನಾನು ಕೊಟ್ಟ ಸಂಚಕಾರವೇನು? ವ್ಯಾಕರಣ ಹತ್ತದ ಹುಡುಗನಿಗೆ ಸಂಜೆಯ ಒಂದು ಗಂಟೆಯೇ? ಪುಸ್ತಕವಿಲ್ಲದ ಹುಡುಗಿಗೆ ಒಂದು ಪುಸ್ತಕವೇ? ದೇವರ ಸಂಚಕಾರಕ್ಕೆ ಇವು ಸಾಟಿಯಲ್ಲ, ನಿಜ. ಆದರೂ ಮಾತಿಗೆ ಅಷ್ಟಾದರೂ ತೂಕ ಬಂದೀತು.

ನೀವೂ ಮದುವೆಯ ಮನೆಯಲ್ಲಿ ಅಕ್ಷತೆ ಹಾಕುತ್ತೀರಿ, ಊರಿಗೆ ಹೊರಟ ಮಕ್ಕಳನ್ನು ಹರಸಿ ಕಳಿಸುತ್ತೀರಿ. ಆ ಹರಕೆಯ ಸಂಗಡ, ಅವರ ಕಷ್ಟಕಾಲಕ್ಕೆ ಜೊತೆ ನಿಲ್ಲುವೆವೆಂಬ ಸಣ್ಣದೊಂದು ಸಂಚಕಾರವೂ ಸಲ್ಲಲಿ.